ಗುರುವಾರದ ಕೊನೆಯ ರೊಟ್ಟಿ

ಮೂರನೇ ವಾರವೂ ಹೊಸ್ತಿಲ ಮೇಲಿಟ್ಟ ರೊಟ್ಟಿ ಇಟ್ಟಲ್ಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದ ಅಂಜುರತ್ ಅದನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಇರುವೆ ಕೂಡ ಮುಟ್ಟಿರಲಿಲ್ಲ. ಒಣಗಿ ಚಪ್ಪಲಿಯ ಅಟ್ಟೆಯ ಹಾಗೆ ಬಿರುಸಾಗಿತ್ತು. ಅವಳ ತಾಯಿ ತುಹ್ಫಾ ನಲವತ್ತೈದು ವರ್ಷ, ಒಂದು ಗುರುವಾರವೂ ತಪ್ಪದ ಹಾಗೆ, ಸಂಜೆ ಎಣ್ಣೆ ಕಾಯಿಸಿ ರೊಟ್ಟಿ ಕರಿದು ಮೊದಲನೆಯದನ್ನು ಹೊಸ್ತಿಲ ಮೇಲೆ ಇಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅದು ಇರುತ್ತಿರಲಿಲ್ಲ. ಬೆಕ್ಕು ತಿಂದಿತೋ, ಗುಬ್ಬಿ ಕಚ್ಚಿಕೊಂಡು ಹೋಯಿತೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಬಂದವರು ತೆಗೆದುಕೊಂಡು ಹೋದರು, ಅಷ್ಟೆ. ಸತ್ತವರಿಗೆ ಕಾದ ಎಣ್ಣೆಯ ವಾಸನೆಯೇ ಊಟ. ವಾರಕ್ಕೊಂದು ಸಲ ಆ ವಾಸನೆ ಹಿಡಿದು ಅವರು ತಮ್ಮ ಮನೆಗೆ ಬರುತ್ತಾರೆ.

ಈಗ ತುಹ್ಫಾಳೇ ಆ ಸತ್ತವರಲ್ಲಿ ಒಬ್ಬಳು. ಅವಳಿಗಾಗಿಯೇ ಕರಿದ ಮೂರು ವಾರದ ರೊಟ್ಟಿಯೂ ಹಾಗೇ ಉಳಿದಿತ್ತು.

"ಬೆಕ್ಕು ಪಕ್ಕದ ಮನೆ ಸೇರ್ಕೊಂಡಿದೆ ಓಯಾ," ಎಂದಳು ಸೊಸೆ ಜೈನೂರಾ, ಅಂಗಳ ಗುಡಿಸುತ್ತಾ. ಓಯಾ ಅಂದರೆ ತಾಜಿಕ್‌ನಲ್ಲಿ ಅಮ್ಮ. ಅತ್ತೆಯನ್ನು ಅವಳು ಹಾಗೇ ಕರೆಯುವುದು. "ಅಲ್ಲಿ ಮೀನಿನ ತಲೆ ಹಾಕ್ತಾರೆ. ನಮ್ಮನೇಲಿ ಏನಿದೆ, ಬರೀ ರೊಟ್ಟಿ."

"ಗುಬ್ಬಿಗಳಿಗೂ ಮೀನಿನ ತಲೆ ಹಾಕ್ತಾರಾ?"

ಜೈನೂರಾ ಪೊರಕೆಯನ್ನು ನಿಲ್ಲಿಸಿದಳು, ಒಣಗಿದ ರೊಟ್ಟಿಯನ್ನೂ ಅತ್ತೆಯನ್ನೂ ನೋಡಿದಳು, ಮತ್ತೆ ಗುಡಿಸತೊಡಗಿದಳು.

ರೊಟ್ಟಿ ಒಂದೇ ಆಗಿದ್ದರೆ ಅಂಜುರತ್ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅವಳು ಮೂವತ್ತು ವರ್ಷ ಮೇಜಿನ ಹಿಂದೆ ನಿಂತು ಪಾಠ ಹೇಳಿದವಳು, ಹೆದರುವ ಪೈಕಿಯಲ್ಲ. ಆದರೆ ಗಂಟೆಯ ಶಬ್ದವೂ ಕೇಳುತ್ತಿತ್ತು. ಸೂರ್ಯ ಹತ್ತಿ ಹೊಲಗಳ ಆಚೆ ಇಳಿಯುವ ಹೊತ್ತಿಗೆ ಕಾಲುವೆಯ ಕಡೆಯಿಂದ ಆಡಿನ ಕೊರಳ ಗಂಟೆಯೊಂದು ಸಣ್ಣಗೆ ಬಡಿದುಕೊಳ್ಳುತ್ತಾ ಬರುತ್ತಿತ್ತು. ಬೀದಿ ದಾಟಿ, ವಿದ್ಯುತ್ ಕಂಬ ದಾಟಿ, ಇವರ ನೀಲಿ ಗೇಟಿನ ಹೊರಗೆ ಬಂದು ನಿಲ್ಲುತ್ತಿತ್ತು. ಗೇಟು ತೆಗೆದರೆ ಬೀದಿ ಖಾಲಿ. ಆ ಬೀದಿಯಲ್ಲಿ ಯಾರೂ ಆಡು ಸಾಕಿರಲಿಲ್ಲ. ಜೈನೂರಾಗೆ ಕೇಳಿಸುತ್ತಿರಲಿಲ್ಲ. ಮಗ ಸೈಫ್, ಟ್ರ್ಯಾಕ್ಟರ್ ಓಡಿಸುವವನು, "ನನ್ನ ಕಿವೀಲೂ ಯಾವಾಗ್ಲೂ ಇಂಜಿನ್ ಓಡ್ತಿರುತ್ತೆ ಓಯಾ, ನಾನು ಯಾರನ್ನ ಕೇಳ್ಲಿ?" ಎಂದು ನಕ್ಕುಬಿಟ್ಟ.

ಅಂಜುರತ್ ನಗಲಿಲ್ಲ. ಆ ಗಂಟೆ ಯಾವುದು ಎಂದು ಅವಳಿಗೆ ಗೊತ್ತಿತ್ತು. ಅದು ಅವಳ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಪ್ರತಿ ಸಂಜೆ ತೆಗೆದು ನೋಡುತ್ತಿದ್ದಳು. ಅಲ್ಲೇ ಇರುತ್ತಿತ್ತು.

*

ಎಪ್ಪತ್ತನೇ ಇಸವಿಯ ವಸಂತದಲ್ಲಿ ಬೆಟ್ಟಗಳ ನಡುವಿನ ಯಗ್ನೋಬ್ ಕಣಿವೆಗೆ ಸರ್ಕಾರದ ಹೆಲಿಕಾಪ್ಟರ್‌ಗಳು ಬಂದಾಗ ಅಂಜುರತ್‌ಗೆ ಒಂಬತ್ತು ವರ್ಷ. ಹಿಮ ಜಾರುತ್ತದೆ, ಇಲ್ಲಿ ಅಪಾಯ, ನಿಮ್ಮ ಒಳ್ಳೆಯದಕ್ಕೇ ಎಂದರು. ಹಿಮ ಸಾವಿರ ವರ್ಷದಿಂದ ಜಾರುತ್ತಿತ್ತು. ಮಾಸ್ಕೋಗೆ ಹತ್ತಿ ಬೇಕಿತ್ತು, ಹತ್ತಿ ಬಿಡಿಸಲು ಕೈ ಬೇಕಿತ್ತು, ಅಷ್ಟೇ ವಿಷಯ. ಜನರನ್ನೆಲ್ಲ ಹತ್ತಿ ಬಯಲಿನ ಬಡಾವಣೆಗೆ ಸಾಗಿಸಿದರು, ಆಡುಗಳನ್ನು ಹತ್ತಿಸಿಕೊಳ್ಳಲಿಲ್ಲ. ಹುಡುಗಿ ತನ್ನ ಆಡಿನ ಕೊರಳಿಂದ ಗಂಟೆಯನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಬಯಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಅಜ್ಜಿ ಹೋಲ್ಮೋ ಸತ್ತಳು. ಮೂರು ವರ್ಷದ ತಮ್ಮ ಓದಿನಾ ಸತ್ತ. ತಣ್ಣೀರಿನ ಜನಕ್ಕೆ ಆ ಬಿಸಿಲು ತಡೆಯಲಿಲ್ಲ.

ಆಮೇಲೆ ಕಾಗದ ಬಂತು. ಗುರುತಿನ ಚೀಟಿಯಲ್ಲಿ ಎಲ್ಲರನ್ನೂ ತಾಜಿಕ್ ಎಂದು ಬರೆದರು. ಜನಾಂಗಗಳ ಪಟ್ಟಿಯಲ್ಲಿ ಯಗ್ನೋಬಿ ಎಂಬ ಹೆಸರೇ ಇರಲಿಲ್ಲ. ಹೆಸರಿಲ್ಲದ ಜನಕ್ಕೆ ಭಾಷೆ ಎಲ್ಲಿಂದ ಬರಬೇಕು? ಶಾಲೆಯಲ್ಲಿ ಅದನ್ನು ಬೆಟ್ಟದ ಗೊಣಗಾಟ ಎನ್ನುತ್ತಿದ್ದರು.

ಅಂಜುರತ್ ಚುರುಕು ಹುಡುಗಿ. ಯಾವ ಮಾತಿಗೆ ಬಾಗಿಲು ತೆರೆಯುತ್ತದೆ, ಯಾವುದಕ್ಕೆ ಮುಚ್ಚುತ್ತದೆ ಎಂದು ಬೇಗ ಕಂಡುಕೊಂಡಳು. ಇಪ್ಪತ್ತೊಂದನೇ ವಯಸ್ಸಿಗೆ ಅದೇ ಬಡಾವಣೆಯ ಶಾಲೆಯಲ್ಲಿ ತಾಜಿಕ್ ಕಲಿಸುವ ಟೀಚರಾದಳು. ಒಂದು ದಿನ ತಪಾಸಣೆಗೆ ಇನ್ಸ್‌ಪೆಕ್ಟರ್ ಬಂದ. ತಾಜಿಕ್ ಮನುಷ್ಯ. ತನ್ನ ರಷ್ಯನ್ ಸಾಹೇಬನ ಮುಂದೆ ಬಾಗಿಲಲ್ಲೇ ಟೋಪಿ ತೆಗೆದು ನಿಲ್ಲುವವನು ಇವರ ಮುಂದೆ ಮಾತ್ರ ಗುಡುಗಿದ: "ಈ ಮಕ್ಳು ಇನ್ನೂ ಆಡುಗಳ ಥರ ಮಾತಾಡ್ತಾವಲ್ಲ!"

ಆಡು ಎಂಬ ಮಾತು ಅವಳ ತಲೆಯಲ್ಲಿ ಕೂತಿತು. ಮರುದಿನ ಅವಳು ಗಂಟೆಯನ್ನು ತರಗತಿಗೆ ತಂದಳು. ಯಾರ ಬಾಯಲ್ಲಿ ಬೆಟ್ಟದ ಮಾತು ಬಂತೋ ಅವರ ಕೊರಳಿಗೆ ಗಂಟೆ. ಇನ್ನೊಬ್ಬರ ಬಾಯಿಂದ ಆ ಮಾತು ಕೇಳಿ ಹಿಡಿದುಕೊಟ್ಟರೆ ಗಂಟೆ ಅವರಿಗೆ ವರ್ಗ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರು ಅದನ್ನು ಕಟ್ಟಿಕೊಂಡೇ ಮನೆಗೆ ಹೋಗಬೇಕು. ಕೋಲು ಮುಟ್ಟಬೇಕಾಗಿ ಬರಲಿಲ್ಲ, ಮಕ್ಕಳು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಮೂರು ವರ್ಷದಲ್ಲಿ ತರಗತಿ ಶುದ್ಧವಾಯಿತು. ಅವಳು ಒಳ್ಳೆಯದಕ್ಕೇ ಮಾಡಿದಳು. ಹೆಲಿಕಾಪ್ಟರ್‌ನವರೂ ಹಾಗೇ ಹೇಳಿದ್ದರು.

ಮಗಳು ಗಂಟೆ ಕಟ್ಟುತ್ತಾಳೆ ಎಂಬ ಸುದ್ದಿ ಒಂದು ದಿನ ತುಹ್ಫಾಳ ಕಿವಿಗೂ ಬಿತ್ತು. ಅಂದಿನಿಂದ ಮಗಳನ್ನು ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿ "ಟೀಚರಮ್ಮ" ಎನ್ನತೊಡಗಿದಳು. ಅಂಜುರತ್ ಅದನ್ನು ಹೆಮ್ಮೆ ಎಂದುಕೊಂಡಳು.

ಗುರುವಾರದ ಎಣ್ಣೆಯ ಹತ್ತಿರವೂ ಅವಳು ಹೋಗುತ್ತಿರಲಿಲ್ಲ. ಮೌಢ್ಯದ ಕೆಲಸಕ್ಕೆ ಟೀಚರ್ ನಿಂತಳು ಎಂದು ಯಾರಾದರೂ ಮೇಲಿನವರಿಗೆ ಬರೆದು ಹಾಕಿದರೆ? ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿ ನೋಟುಬುಕ್ಕು ತಿದ್ದುತ್ತಿದ್ದಳು. ಬಾಗಿಲ ಆಚೆ ತಾಯಿ ಎಣ್ಣೆಯ ಮೇಲೆ ಬಾಗಿ ಗುನುಗುವುದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಂದು ವಿಷಯ ಮಾತ್ರ ಗಮನಕ್ಕೆ ಬಂದಿತ್ತು. ಕೊನೆಯಲ್ಲಿ ಗುನುಗು ನಿಂತು ಒಂದು ಗಳಿಗೆ ಸುಮ್ಮನಿರುತ್ತಿತ್ತು. ಯಾರೋ ಓಗೊಡಲಿ ಎಂದು ಕಾದ ಹಾಗೆ. ಆಮೇಲೆ ಕೊನೆಯ ರೊಟ್ಟಿ ಎಣ್ಣೆಗೆ ಬೀಳುವ ಸದ್ದು. ಆ ಕೊನೆಯ ರೊಟ್ಟಿ ಯಾವಾಗಲೂ ಅವಳ ಮೇಜಿಗೆ ಬರುತ್ತಿತ್ತು. ಮೊದಲು ತಾಯಿಯೇ ತಂದಿಡುತ್ತಿದ್ದಳು. ಸೊಸೆ ಬಂದಮೇಲೆ ಜೈನೂರಾ ತರುತ್ತಿದ್ದಳು. "ಇದು ನಿಮ್ದಂತೆ ಓಯಾ, ಬಿಸಿ ಇರುವಾಗ್ಲೇ ತಿನ್ಬೇಕಂತೆ." ತಿದ್ದುವ ಕೆಲಸದಲ್ಲಿ ಅದು ತಣ್ಣಗಾಗುತ್ತಿತ್ತು.

ಸಾಯುವ ಹತ್ತು ದಿನ ಮುಂಚೆ ತುಹ್ಫಾಳ ತಾಜಿಕ್ ಮಾತು ಪೂರ್ತಿ ಕಳಚಿಬಿತ್ತು. ಸಂತೆಯಲ್ಲಿ, ಆಸ್ಪತ್ರೆಯಲ್ಲಿ ಅಷ್ಟು ವರ್ಷ ಆಡಿದ್ದು ಒಂದು ಅಕ್ಷರವೂ ಉಳಿಯಲಿಲ್ಲ. ಬೆಟ್ಟದ ಮಾತೊಂದೇ ಉಳಿಯಿತು.

"ಆ ಹುಡುಗಿ ಬಂದ್ಲಾ?" ಎಂದು ಕೇಳುತ್ತಿದ್ದಳು.

"ಇಲ್ಲೇ ಇದ್ದೀನಿ ಓಯಾ." ಅಂಜುರತ್‌ಗೆ ಎಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ತಾಜಿಕ್‌ನಲ್ಲೇ ಬರುತ್ತಿತ್ತು.

"ನೀನಲ್ಲ ಟೀಚರಮ್ಮ. ಆ ಹುಡುಗಿ." ಕಣ್ಣು ಇವಳನ್ನು ದಾಟಿ ಬಾಗಿಲ ಕಡೆ ಹೋಗುತ್ತಿತ್ತು. ಕೊನೆಯ ದಿನ ಕೈ ಹಿಡಿದು ಹೇಳಿದ್ದು ಒಂದೇ: "ನನ್ನ ಕರೀರಿ. ದಾರಿ ಹೇಳಿ ಕರೀರಿ. ಇಲ್ದಿದ್ರೆ ನಾನು ಹೊರಗೇ ನಿಂತ್ಬಿಡ್ತೀನಿ."

ಮೊದಲ ಗುರುವಾರ ಅಂಜುರತ್ ಎಣ್ಣೆ ಕಾಯಿಸಿ, ಚೊಕ್ಕ ತಾಜಿಕ್‌ನಲ್ಲಿ, ತರಗತಿಯಲ್ಲಿ ಹಾಜರಿ ಕರೆದ ಹಾಗೆ, ತಾಯಿಯನ್ನು ಕರೆದಿದ್ದಳು.

*

ಮೂರನೇ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಮುಲ್ಲಾನ ಹತ್ತಿರ ಹೋದಳು. ಮುಲ್ಲಾ ಅವಳ ಹಳೆಯ ಶಿಷ್ಯ, ಒಳ್ಳೆಯ ಮನುಷ್ಯ. ಟೀ ತರಿಸಿದ. ತಾಜಿಕ್‌ನಲ್ಲಿ ಕರೆದದ್ದಕ್ಕೇ ಅಮ್ಮ ಬರುತ್ತಿಲ್ಲ ಎಂದಳು ಅಂಜುರತ್.

"ಟೀಚರಮ್ಮ, ನೀವೇ ಹಿಂಗಂದ್ರೆ ಹೆಂಗೆ? ದೇವರಿಗೆ ಎಲ್ಲಾ ಭಾಷೆನೂ ಬರುತ್ತೆ."

"ದೇವರಿಗೆ ಬರುತ್ತಪ್ಪ. ನಮ್ಮಮ್ಮಂಗೆ ಬರಲ್ಲ."

ಮುಲ್ಲಾ ಟೀಯನ್ನು ಊದುತ್ತಾ ಕೂತ. ಲೋಟ ಕೆಳಗಿಟ್ಟು, "ನಿಯೋಜ್‌ಮತ್‌ನ ಕೇಳಿ," ಎಂದ. "ಅವ್ರಮ್ಮ ಕರೀತಾ ಇದ್ದದ್ದನ್ನ ಅವನು ಪೂರ್ತಿ ಕಲಿತಿದಾನೆ. ಅಲ್ಲಿ ಬೆಟ್ಟದಲ್ಲಿ ಈಗಲೂ ಕರೀತಾರಂತೆ."

"ಅವನು ನನ್ನ ಮುಖ ನೋಡ್ತಾನಾ?"

"ನೋಡ್ದೇ ಇರಬಹುದು," ಎಂದು ಮುಲ್ಲಾ ನಿಜವನ್ನೇ ಹೇಳಿದ. "ನನಗಾದ್ರೆ ಗಂಟೆ ಎರಡು ಸಲ ಬಂದಿತ್ತು. ಅವನಿಗೆ ಲೆಕ್ಕವೇ ಇರ್ಲಿಲ್ಲ."

ನಿಯೋಜ್‌ಮತ್ ಹಟಮಾರಿ. ಏಳು ವರ್ಷದವನಿದ್ದಾಗ ದಿನಾ ಸಂಜೆ ಗಂಟೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದ. ಮೂರನೇ ತರಗತಿಗೆ ಬಂದಾಗ ಬಾಯಿ ಮುಚ್ಚಿದ. ಬೆಟ್ಟದ ಮಾತನ್ನಷ್ಟೇ ಅಲ್ಲ, ಎಲ್ಲ ಮಾತನ್ನೂ. ಒಂದಿಡೀ ವರ್ಷ ಶಾಲೆಯಲ್ಲಿ ಒಂದು ಶಬ್ದ ಆಡಲಿಲ್ಲ. ಅಂಜುರತ್ ಅವನ ದಾಖಲೆಯಲ್ಲಿ 'ಮಂದಬುದ್ಧಿ' ಎಂದು ಬರೆದಿದ್ದಳು. ಕೆಲವು ಮನೆಗಳು ಕಣಿವೆಗೆ ಹಿಂದಿರುಗಿದ ಕಾಲಕ್ಕೆ ಅವನ ಮನೆಯವರೂ ಹೋದರು.

ಭಾನುವಾರ ಅವಳು ಹೊರಟಳು. ಜೀಪು ಹೋಗುವಷ್ಟು ದೂರ ಜೀಪು, ಆಮೇಲೆ ಕತ್ತೆ, ಆಮೇಲೆ ಕಾಲು. ಚೀಲದಲ್ಲಿ ಹಿಟ್ಟು, ಒಂದು ಸೀಸೆ ಹತ್ತಿಕಾಳೆಣ್ಣೆ, ಮತ್ತು ಆ ಗಂಟೆ.

ನಿಯೋಜ್‌ಮತ್ ಮನೆಯ ಮಾಡಿನ ಮೇಲೆ ಹುಲ್ಲು ಹರವುತ್ತಿದ್ದ. ನಲವತ್ತರ ಗಂಡಸು, ಗಡ್ಡ ಆಗಲೇ ಬೆಳ್ಳಗಾಗಿತ್ತು. ಕೆಳಗೆ ನಿಂತವಳನ್ನು ನೋಡಿ ಗುರುತು ಹಿಡಿದ. ಇಳಿಯಲಿಲ್ಲ. ಬೆಟ್ಟದ ಮಾತಿನಲ್ಲಿ ಕೇಳಿದ: "ದಾರಿ ತಪ್ಪಿದ್ರಾ?"

"ಇಲ್ಲ, ನಿನ್ನ ಹತ್ರಾನೇ ಬಂದೆ," ಎಂದಳು ತಾಜಿಕ್‌ನಲ್ಲಿ.

"ಕಿವಿ ಸರಿಯಾಗಿದೆ, ಹಾಗಾದ್ರೆ. ನಾಲಿಗೆಗೆ ಏನಾಯ್ತು ಟೀಚರಮ್ಮ? ಅಲ್ಲೂ ಗಂಟೆ ಕಟ್ಟಿದ್ರಾ?"

ಅವನ ಹೆಂಡತಿ ರಜಬ್ಮೋ ಒಲೆಯಿಂದ ಎದ್ದು ಬಂದಳು. "ಮಾಡಿನ ಮೇಲೆ ನಿಂತು ಹೆಂಗಸರನ್ನ ಮಾತಾಡಿಸೋದು ಯಾವ ಊರಿನ ಮರ್ಯಾದೆ? ಇಳಿ ಕೆಳಗೆ!" ಎಂದು ಗಂಡನಿಗೆ ಗದರಿಸಿ, ಬಂದವಳ ಕೈಗೆ ಮೊಸರಿನ ಬಟ್ಟಲು ಕೊಟ್ಟಳು. "ಕುಡೀರಿ ಅಕ್ಕ. ಇವನ ಬಾಯಿ ಹಾಗೇ. ಚಿಕ್ಕಂದಿನಲ್ಲಿ ಮುಚ್ಚಿಟ್ಟಿದ್ದನ್ನ ಈಗ ಖರ್ಚು ಮಾಡ್ತಿದಾನೆ."

ಅಂಜುರತ್ ಬಂದ ಕಾರಣ ಹೇಳಿದಳು. ರೊಟ್ಟಿ, ಗೇಟಿನ ಹೊರಗೆ ನಿಲ್ಲುವ ಸದ್ದು, ತಾಯಿಯ ಮಾತು. ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಗಂಟೆಯನ್ನು ಚೀಲದಿಂದ ತೆಗೆದು ಬಟ್ಟೆ ಬಿಚ್ಚಿ ಅವನ ಮುಂದೆ ಇಟ್ಟಳು.

ನಿಯೋಜ್‌ಮತ್ ಅದನ್ನು ಮುಟ್ಟಲಿಲ್ಲ. ಹಾವನ್ನು ನೋಡಿದ ಹಾಗೆ ನೋಡಿದ.

"ಮನೇಲಿ ನಮ್ಮಮ್ಮ ಏನಾದ್ರೂ ಕೇಳಿದ್ರೆ ನಾನು ಮೊದಲು ಬಾಗಿಲ ಕಡೆ ತಿರುಗಿ ನೋಡ್ತಿದ್ದೆ," ಎಂದ. "ಆಮೇಲೆ ಉತ್ತರ ಕೊಡ್ತಿದ್ದೆ. ಈಗಲೂ ಅಷ್ಟೇ. ಆಡುಗಳನ್ನ ಕೂಗೋಕೆ ಮುಂಚೆ ಒಂದ್ಸಲ ಹಿಂದೆ ನೋಡ್ತೀನಿ. ಈ ಬೆಟ್ಟದಲ್ಲಿ ಯಾರಿದಾರೆ ಹೇಳಿ? ಆದ್ರೂ ನೋಡ್ತೀನಿ."

ಅಂಜುರತ್ ಗಂಟೆಯ ದಾರವನ್ನು ಎತ್ತಿ ತನ್ನ ಕೊರಳಿಗೆ ಹಾಕಿಕೊಂಡಳು.

"ಅಯ್ಯೋ ಅಕ್ಕ!" ಎಂದಳು ರಜಬ್ಮೋ.

"ಇರ್ಲಿ ಬಿಡು," ಎಂದ ನಿಯೋಜ್‌ಮತ್ ಮೆಲ್ಲಗೆ. ಆಮೇಲೆ ಎದ್ದ. "ಬನ್ನಿ. ನಿಮ್ಮ ಮನೆ ದಾರಿ ತೋರಿಸ್ತೀನಿ. ಕರೆಯೋದು ಅಂದ್ರೆ ದಾರಿ ಹೇಳೋದು, ಮತ್ತೇನಲ್ಲ."

ಊರಿನ ಸ್ಮಶಾನ ಮೇಲೆ, ಮನೆಗಳು ಕೆಳಗೆ. ಒಂದೊಂದು ಮನೆಗೆ ಒಂದೊಂದು ದಾರಿ. ಆ ದಾರಿಯ ಕಲ್ಲು, ತಿರುವು, ಮರಗಳ ಹೆಸರನ್ನು ಒಂದಾದ ಮೇಲೊಂದು ಹೇಳಿದರೆ ಸತ್ತವರು ಹೆಸರು ಹಿಡಿದುಕೊಂಡು ನಡೆದು ಬರುತ್ತಾರೆ. ಅವರಿಗೆ ಕಣ್ಣಿಲ್ಲ, ಕಿವಿ ಇದೆ. ನಿಯೋಜ್‌ಮತ್ ಹಿಂದೆ ಹಿಂದೆ ನಡೆಯುತ್ತಾ ಹೆಸರು ಹೇಳಿದ. ಅವಳು ಮುಂದೆ ನಡೆದಳು. ಪ್ರತಿ ಹೆಜ್ಜೆಗೂ ಕೊರಳಲ್ಲಿ ಗಂಟೆ ಬಡಿಯಿತು. ಎಲ್ಲಿ ಬಾಗಬೇಕು, ಎಲ್ಲಿ ದಾಟಬೇಕು ಎಂದು ಕಾಲಿಗೆ ನೆನಪಿತ್ತು. ಅವನು ಹೆಸರು ಹೇಳುವ ಮೊದಲೇ ಕಾಲು ತಿರುಗುತ್ತಿತ್ತು. ಬಾಯಿ ಮಾತ್ರ ಒಣಗಿ ಹೋಗಿತ್ತು. ಬಂಡೆಯ ಸಂದಿನಲ್ಲಿ ಒಸರುವ ನೀರಿನ ಹತ್ತಿರ ಬಂದಾಗ ಅವಳು ನಿಂತಳು.

"ಓಪ್," ಎಂದಳು. ನೀರು. ಒಂದೇ ಶಬ್ದ. ಹೇಳಿದ ಕೂಡಲೇ ಹಿಂದಕ್ಕೆ ತಿರುಗಿ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂದು.

ನಿಯೋಜ್‌ಮತ್ ಅದನ್ನು ಕಂಡ. ಅವನ ಮುಖದ ಬಿಗಿ ಅಲ್ಲಿ ಸ್ವಲ್ಪ ಸಡಿಲವಾಯಿತು. "ಹ್ಞೂಂ. ಹಾಗೇ ಆಗುತ್ತೆ," ಎಂದ.

ಅವರ ಮನೆಗೆ ಮಾಡು ಇರಲಿಲ್ಲ. ಎರಡು ಗೋಡೆ, ಒಂದು ಬಾಗಿಲ ಕಂಬ ನಿಂತಿತ್ತು. ಒಳಗೆ ಗಿಡ ಬೆಳೆದಿತ್ತು. ಅವಳು ಹೊಸ್ತಿಲಿದ್ದ ಜಾಗದಲ್ಲಿ ಕೂತಳು.

"ಟೀಚರಮ್ಮ, ಈ ದಾರಿ ಇಲ್ಲೇ ಮಲಗಿರೋ ನಿಮ್ಮ ಸಂಗಿನ್ ಅಜ್ಜಂಗೆ," ಎಂದ ನಿಯೋಜ್‌ಮತ್. ಟೀಚರಮ್ಮ ಎನ್ನುವುದರಲ್ಲಿ ಈಗ ಮುಳ್ಳಿರಲಿಲ್ಲ. "ನಿಮ್ಮಮ್ಮ ಇಲ್ಲಿಲ್ಲ. ಅವ್ರು ಮಲಗಿರೋದು ಬಯಲಲ್ಲಿ, ಬರಬೇಕಾದ್ದು ಬಯಲಿನ ಮನೆಗೆ. ಆ ದಾರಿಗೆ ನಮ್ಮ ಮಾತಲ್ಲಿ ಹೆಸರೇ ಇರ್ಲಿಲ್ಲ. ಅಲ್ಲಿ ಸತ್ತವರನ್ನ ಕರೀಬೇಕಾದಾಗ ಒಂದೊಂದು ಮನೆ ಹೆಂಗಸರೂ ತಾವೇ ಹೆಸರು ಇಟ್ಕೊಂಡ್ರು. ನಮ್ಮಮ್ಮ ಇಟ್ಟಿದ್ದು ನಮ್ಮಮ್ಮಂದು. ಅದು ನಿಮ್ಮ ಮನೆಗೆ ಬರಲ್ಲ. ನಿಮ್ಮಮ್ಮ ಕರೀವಾಗ ಹತ್ರ ಯಾರು ನಿಲ್ತಿದ್ರು?"

"ಯಾರೂ ಇಲ್ಲ. ನಾನು ಬಾಗಿಲು..." ಅಂಜುರತ್ ಅಲ್ಲಿಗೆ ನಿಲ್ಲಿಸಿದಳು. ಕೊನೆಯ ರೊಟ್ಟಿಯ ತಟ್ಟೆ ಹಿಡಿದು ಬರುತ್ತಿದ್ದ ಕೈ ಕಣ್ಣ ಮುಂದೆ ಬಂತು. "ಸೊಸೆ ನಿಲ್ತಿದ್ಲು. ಹನ್ನೆರಡು ವರ್ಷ. ಆದ್ರೆ ಅವಳು ಬಯಲಿನವಳು. ಒಂದು ಮಾತೂ ಅರ್ಥ ಆಗಲ್ಲ ಅವಳಿಗೆ."

"ಅರ್ಥ ಆಗೋರೆಲ್ಲ ಬಾಗಿಲು ಮುಚ್ಕೊಂಡಿದ್ರಲ್ಲ," ಎಂದ ನಿಯೋಜ್‌ಮತ್.

ಹೊರಡುವಾಗ ಅವಳು ಗಂಟೆಯನ್ನು ಕೊರಳಿಂದ ತೆಗೆದು ಬಾಗಿಲ ಕಂಬದ ಮೊಳೆಗೆ ನೇತುಹಾಕಿದಳು. ಅದು ಹುಟ್ಟಿದ ಮನೆಯಲ್ಲೇ ಇರಲಿ ಎಂದು. ಗಾಳಿ ಇರಲಿಲ್ಲ. ಇಳಿಜಾರು ಇಳಿಯುವಷ್ಟು ದೂರವೂ ಅದರ ಸದ್ದು ಬೆನ್ನಿಗೆ ಬಂತು.

*

ಗುರುವಾರ ಮಧ್ಯಾಹ್ನದ ಹೊತ್ತಿಗೆ ಮನೆ ತಲುಪಿದಳು. ಜೈನೂರಾ ಹಿಪ್ಪುನೇರಳೆ ಮರದ ಕೆಳಗೆ ಹಿಟ್ಟು ನಾದುತ್ತಿದ್ದಳು. ಅಂಜುರತ್ ಚೀಲವನ್ನೂ ಇಳಿಸದೆ ಕೇಳಿದಳು: "ಬೀಬಿ ಎಣ್ಣೆ ಹತ್ರ ಹೇಳ್ತಿದ್ದದ್ದು ನಿಂಗೆ ಬರುತ್ತಾ?"

ಬೀಬಿ ಅಂದರೆ ಅಜ್ಜಿ, ಮನೆಯಲ್ಲಿ ತುಹ್ಫಾಳನ್ನು ಹಾಗೇ ಕರೆಯುತ್ತಿದ್ದದ್ದು. ಸೊಸೆಯ ಕೈ ಹಿಟ್ಟಿನಲ್ಲೇ ನಿಂತಿತು. ಕಳ್ಳತನ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು.

"ಬರುತ್ತೆ ಓಯಾ."

"ಮೂರು ವಾರದಿಂದ ನಾನು ಇಲ್ಲಿ ಒದ್ದಾಡ್ತಿದೀನಿ. ಬಾಯಿ ಬಿಡೋಕೆ ಏನಾಗಿತ್ತು?"

"ನೀವು ಕೇಳ್ಲಿಲ್ವಲ್ಲ." ಕೈಯ ಹಿಟ್ಟು ಉಜ್ಜಿ ತೆಗೆಯುತ್ತಾ ಜೈನೂರಾ ಹೇಳಿದಳು: "ಮದುವೆಯಾಗಿ ಬಂದ ಹೊಸತರಲ್ಲಿ ಬೀಬಿ ಹೇಳೋ ಥರ ನೀರಿಗೆ ಓಪ್ ಅಂದಿದ್ದೆ. ನೀವು ಊಟದ ಮುಂದೆ ಎಲ್ಲರೆದುರು ತಿದ್ದಿದ್ರಿ. 'ಈ ಮನೇಲಿ ಸರಿಯಾಗಿ ಮಾತಾಡು' ಅಂದ್ರಿ. ಆಮೇಲೆ ನಾನು ಬೀಬಿ ಹತ್ರ ಮಾತ್ರ ಅಂತಿದ್ದೆ. ಅದೂ ಬಾಗಿಲು ಮುಚ್ಚಿದಾಗ."

ಅಂಜುರತ್ ಮರಕ್ಕೆ ಒರಗಿ ಕೂತಳು. ಹಾಗೆ ತಿದ್ದಿದ್ದು ಅವಳಿಗೆ ನೆನಪೂ ಇರಲಿಲ್ಲ.

ಹೊತ್ತು ಇಳಿಯುತ್ತಿದ್ದ ಹಾಗೆ ಅಂಗಳದ ಒಲೆಯ ಮೇಲೆ ಕಡಾಯಿ ಏರಿತು. ಎಣ್ಣೆ ಕಾದು ಹೊಗೆಯಾಡಿ, ಮೊದಲ ರೊಟ್ಟಿ ಹೊಸ್ತಿಲಿಗೆ ಹೋದ ಮೇಲೆ ಜೈನೂರಾ ಹಿಂದೆ ಮುಂದೆ ನೋಡಿದಳು. "ಓಯಾ, ನಂಗೆ ಅರ್ಥ ಗೊತ್ತಿಲ್ಲ. ಬೀಬಿ ಹೇಳಿದ ಹಾಗೆ ಹೇಳ್ತೀನಿ. ಆದ್ರೆ ಕೊನೇಲಿ ಒಂದು ಹೆಸರಿದೆ, ಅದನ್ನ ಬಿಟ್ಬಿಡ್ಲಾ?"

"ಯಾಕೆ?"

"ಹೇಳಬಾರದೇನೋ ಅನ್ಸುತ್ತೆ."

"ಬೀಬಿ ಬಿಡ್ತಿದ್ರಾ?"

"ಒಂದು ವಾರನೂ ಬಿಡ್ಲಿಲ್ಲ."

"ಹಾಗಾದ್ರೆ ನೀನೂ ಬಿಡ್ಬೇಡ."

ಜೈನೂರಾ ಎಣ್ಣೆಯ ಮೇಲೆ ಬಾಗಿದಳು. ಬಾಯಿ ತೆರೆದಾಗ ಹೊರಬಂದದ್ದು ಅವಳ ದನಿಯಲ್ಲ. ಏರು, ಇಳಿತ, ಉಸಿರು ಸಿಕ್ಕಿಕೊಳ್ಳುವ ಜಾಗ, ಎಲ್ಲವೂ ತುಹ್ಫಾಳದೇ. ಹೇಳುವವಳಿಗೆ ಅದು ಬರೀ ಸದ್ದು. ಕೇಳುತ್ತಿದ್ದವಳಿಗೆ ಒಂದೊಂದೇ ಮಾತು ತೆರೆದುಕೊಂಡಿತು.

ಸಂಗಿನ್ ಅಜ್ಜ, ಮೇಲಿನಿಂದ ಏಳು. ಬೂದು ಬಂಡೆಯ ಬೆನ್ನು ಇಳಿ. ನೀರು ಕುಡಿ. ಹಾರುವ ಕಬ್ಬಿಣವನ್ನು ಹತ್ತಬೇಡ, ನಡೆದು ಬಾ, ನಾವು ಕಾಯುತ್ತೇವೆ. ಹೋಲ್ಮೋ ಅಜ್ಜಿ, ಬಿಸಿ ಮಣ್ಣಿನಿಂದ ಏಳು. ಓದಿನಾನ ಕೈ ಹಿಡಿ, ಅವನಿಗೆ ದಾರಿ ತಿಳಿಯದು. ಬಿಳಿ ಹೂವಿನ ಹೊಲದ ಅಂಚಿನಲ್ಲಿ ಬನ್ನಿ. ಮೀನಿಲ್ಲದ ಉದ್ದ ನೀರಿನ ದಂಡೆ ಹಿಡಿಯಿರಿ. ಗುಂಯ್‌ಗುಡುವ ಎಲೆಯಿಲ್ಲದ ಮರದ ಹತ್ತಿರ ಎಡಕ್ಕೆ ಬನ್ನಿ. ಆಕಾಶದ ಬಣ್ಣದ ಬಾಗಿಲು ನಮ್ಮದು.

ಹತ್ತಿ ಹೊಲ, ಕಾಲುವೆ, ವಿದ್ಯುತ್ ಕಂಬ, ನೀಲಿ ಗೇಟು. ಪಟ್ಟಿಯಲ್ಲೇ ಇಲ್ಲದ ಭಾಷೆಯಲ್ಲಿ ತಾಯಿ ಇಡೀ ಬಡಾವಣೆಗೆ ಹೆಸರಿಟ್ಟಿದ್ದಳು. ಮೂವತ್ತು ವರ್ಷ ಭಾಷೆ ಕಲಿಸಿದವಳು ಪಕ್ಕದ ಕೋಣೆಯಲ್ಲಿ ಕಾಗುಣಿತ ತಿದ್ದುತ್ತಾ ಕೂತಿದ್ದಳು.

ಜೈನೂರಾ ಅತ್ತೆಯ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕೊನೆಯದನ್ನು ಹೇಳಿದಳು.

ಅಂಜುರತ್, ನನ್ನ ಒಂಬತ್ತು ವರ್ಷದ ಮಗಳೇ. ಹಾರುವ ಕಬ್ಬಿಣದಿಂದ ಇಳಿದ ಮೇಲೆ ನಿನ್ನನ್ನು ನಾನು ಕಾಣಲಿಲ್ಲ. ಎಲ್ಲಿ ನಿಂತಿದ್ದೀ? ಗಂಟೆಯ ಸದ್ದು ಕೇಳುತ್ತದೆ, ನೀನು ಕಾಣುವುದಿಲ್ಲ. ನಿನ್ನ ರೊಟ್ಟಿ ಬಿಸಿ ಇದೆ. ಮನೆಗೆ ಬಾ.

ಅಲ್ಲಿಗೆ ನಿಂತಿತು. ಎಣ್ಣೆ ಸಣ್ಣಗೆ ಸಿಡಿಯುತ್ತಿತ್ತು. ಜೈನೂರಾ ಜಾಲರಿ ಸೌಟನ್ನು ಎತ್ತಿ ಹಿಡಿದು ಕಾಯುತ್ತಿದ್ದಳು.

"ಯಾಕೆ ನಿಲ್ಲಿಸಿದೆ?" ಅಂಜುರತ್‌ಗೆ ತನ್ನ ದನಿಯೇ ದೂರದಿಂದ ಕೇಳಿಸಿತು.

"ಬೀಬಿ ಇಲ್ಲಿ ಹೀಗೇ ನಿಲ್ಲಿಸ್ತಿದ್ರು. ನಿಮ್ಮ ಕೋಣೆ ಬಾಗಿಲು ನೋಡ್ತಿದ್ರು. ಆಮೇಲೆ ರೊಟ್ಟಿ ಬಿಡ್ತಿದ್ರು. ನಾನು, ಅಂಜುರತ್ ಅಂತ ಈ ಮನೇಲಿ ಹಿಂದೆ ಯಾರೋ ಸತ್ತಿರ್ಬೇಕು, ಅವಳ ಹೆಸರನ್ನೇ ನಿಮಗೆ ಇಟ್ಟಿರ್ಬೇಕು ಅಂದ್ಕೊಂಡಿದ್ದೆ."

ಅಂಜುರತ್ ಏನೋ ಹೇಳಲು ಹೋದಳು. ಗಂಟಲಲ್ಲಿ ಮೊದಲು ಬಂದದ್ದು ತಾಜಿಕ್ ಮಾತು. ಅದನ್ನು ನುಂಗಿದಳು. ಎರಡನೆಯದೂ ಅದೇ. ಅದನ್ನೂ ನುಂಗಿದಳು. ಬೆನ್ನ ಹಿಂದೆ ತಿರುಗಿ ನೋಡಬೇಕು ಎನ್ನಿಸಿತು. ತಿರುಗಲಿಲ್ಲ. ಆಗ ತುಂಬ ಕೆಳಗಿನಿಂದ, ಚಿಕ್ಕ ಹುಡುಗಿ ಆಡುಗಳ ಹಿಂದಿನಿಂದ ಕೂಗಿ ಹೇಳುವ ರೀತಿಯಲ್ಲಿ, ಬೆಟ್ಟದ ಮಾತು ಮೇಲೆ ಬಂತು.

"ಬಂದೆ ಅಮ್ಮಾ."

ಜೈನೂರಾ ಬೆಚ್ಚಿ ಸೌಟನ್ನು ಕಡಾಯಿಗೆ ತಗಲಿಸಿದಳು.

ಆಮೇಲೆ ಅಂಜುರತ್ ತಾಯಿಯನ್ನು ಕರೆದಳು. ತಡವರಿಸುತ್ತಾ ಕರೆದಳು. ತುಹ್ಫಾ ಅಮ್ಮ, ಬಿಸಿ ಮಣ್ಣಿನಿಂದ ಏಳು. ಬಿಳಿ ಹೂವಿನ ಹೊಲ. ಮುಂದಿನ ಮಾತು ಕೈತಪ್ಪಿತು. "ಆ ನೀರಿಗೆ ಬೀಬಿ ಏನಂತಿದ್ರು, ಅದೊಂದನ್ನ ಹೇಳು," ಎಂದಳು. ಜೈನೂರಾಗೆ ಒಂದನ್ನೇ ಬಿಡಿಸಿ ತೆಗೆಯಲು ಗೊತ್ತಾಗಲಿಲ್ಲ, ಮೊದಲಿನಿಂದ ಗುನುಗಿಕೊಂಡು ಬಂದಳು. ಬೇಕಾದ ಮಾತು ಬಂದ ಕೂಡಲೇ ಅಂಜುರತ್ ಅದನ್ನು ಹಿಡಿದುಕೊಂಡಳು. ಹೀಗೆ ಇಬ್ಬರೂ ಸೇರಿ, ಒಬ್ಬಳು ಸದ್ದು ಕೊಟ್ಟು, ಇನ್ನೊಬ್ಬಳು ಅರ್ಥ ಹಿಡಿದು, ಅವಳನ್ನು ಕಾಲುವೆಯ ದಂಡೆಗೆ ತಂದರು, ಕಂಬದ ಹತ್ತಿರ ಎಡಕ್ಕೆ ತಿರುಗಿಸಿದರು, ಆಕಾಶದ ಬಣ್ಣದ ಬಾಗಿಲ ತನಕ ಕರೆತಂದರು.

ಜೈನೂರಾ ಕೊನೆಯ ರೊಟ್ಟಿಯನ್ನು ಎಣ್ಣೆಗೆ ಬಿಟ್ಟಳು. ಕಾಲುವೆಯ ಕಡೆಯಿಂದ ಗಂಟೆಯ ಸದ್ದು ಶುರುವಾಯಿತು.

ಅಂಜುರತ್ ಕದಲದೆ ಕೂತಳು. ಆ ಗಂಟೆಯನ್ನು ಅವಳು ಎರಡು ದಿನದ ದಾರಿಯಾಚೆ, ಮಾಡಿಲ್ಲದ ಮನೆಯ ಕಂಬಕ್ಕೆ ತನ್ನ ಕೈಯಾರೆ ನೇತುಹಾಕಿ ಬಂದಿದ್ದಳು. ಸದ್ದು ಬೀದಿಗೆ ಬಂತು. ಕಂಬ ದಾಟಿತು. ಗೇಟಿನ ಹೊರಗೆ ಬಂದು, ಪ್ರತಿ ಸಂಜೆ ನಿಲ್ಲುವ ಜಾಗದಲ್ಲಿ ನಿಂತಿತು.

ಜೈನೂರಾ ಕಡಾಯಿಯಿಂದ ತಲೆ ಎತ್ತಿದಳು.

"ಯಾರದ್ದು ಓಯಾ ಈ ಆಡು?" ಎಂದಳು. "ಗೇಟಿನ ಹತ್ರಾನೇ ಇದೆ. ಓಡಿಸ್ಲಾ?"

"ಬೇಡ," ಎಂದಳು ಅಂಜುರತ್. "ಗೇಟು ತೆಗಿ."

ಸೊಸೆ ಗೇಟು ತೆಗೆಯಲು ಹೋದಾಗ ಅವಳು ಕೊನೆಯ ರೊಟ್ಟಿಯನ್ನು ಎಣ್ಣೆಯಿಂದ ಎತ್ತಿದಳು. ಬೆರಳು ಸುಡುತ್ತಿತ್ತು. ಆರುವುದಕ್ಕೆ ಕಾಯದೆ ಮುರಿದು ಬಾಯಿಗೆ ಹಾಕಿಕೊಂಡಳು.